ಹದಿನಾಲ್ಕನೇ ತಾರೀಖಿಗೆ ಕಂಪ್ಯೂಟರ್ ಬಂದ್

ದೇವೀಂದ್ರಪ್ಪನವರು ಒಂದು ಇರುವೆಗೂ ಕೇಡು ಬಯಸಿದವರಲ್ಲ. ಅಂಥವರು ಕಮಲಾಪುರದ ಕೆಂಬಾಳೆ ಬೆಳೆಗಾರರ ನಿದ್ದೆ ಕೆಡಿಸಿ, ಹೊಸದಾಗಿ ಬಂದ ಮೇಡಂ ಅವರ ಬಿ.ಪಿ. ಏರಿಸಿ, ಮೇಲಿನಿಂದ ಸೀಲು ಸಮೇತ ಆದೇಶ ತರಿಸುವಷ್ಟು ದೊಡ್ಡ ಕೆಲಸ ಹೇಗೆ ಮಾಡಿದರು ಎಂದು ಜನ ಈಗಲೂ ನನ್ನನ್ನು ಕೇಳುತ್ತಾರೆ. ನನ್ನನ್ನೇ ಯಾಕೆಂದರೆ ಕಚೇರಿಯಲ್ಲಿ ಅವರ ಎದುರಿನ ಮೇಜು ನನ್ನದು, ಬಸ್ಸಿನಲ್ಲಿ ಅವರ ಪಕ್ಕದ ಸೀಟೂ ನನ್ನದೇ. ಎರಡೂ ಕಡೆ ಬಾಯಿ ಮುಚ್ಚಿಕೊಂಡು ಕೂತಿದ್ದು ನನ್ನ ತಪ್ಪು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮದು ಕಮಲಾಪುರದ ಕೆಂಬಾಳೆ ನೋಂದಣಿ ಕಚೇರಿ. ಹೆಸರು ಬದಲಿಸಿ ಹೇಳುತ್ತಿದ್ದೇನೆ, ಹುಡುಕಿಕೊಂಡು ಹೋಗಬೇಡಿ, ಸಿಗುವುದಿಲ್ಲ. ಊರಿನ ಕೆಂಪು ಬಾಳೆ ಯಾರು ಯಾರು ಬೆಳೆಯುತ್ತಾರೆ, ಯಾವ ಹೊಲದಲ್ಲಿ ಬೆಳೆಯುತ್ತಾರೆ ಎಂದು ಕಂಪ್ಯೂಟರಿನಲ್ಲಿ ಬರೆದಿಡುವುದು ನಮ್ಮ ಕೆಲಸ. ಕಂಪ್ಯೂಟರಿನಲ್ಲಿ ಹೆಸರಿದ್ದರೆ ಬಾಳೆ ಕಮಲಾಪುರದ್ದು. ಇಲ್ಲದಿದ್ದರೆ, ಎಷ್ಟೇ ಕೆಂಪಗಿರಲಿ, ಅದು ಬರೀ ಬಾಳೆ.

ದೇವೀಂದ್ರಪ್ಪನವರು ಅಲ್ಲಿ ಪ್ರಥಮ ದರ್ಜೆ ಸಹಾಯಕರು. ಮೂವತ್ತನಾಲ್ಕು ವರ್ಷದ ಸೇವೆ, ಅಕ್ಟೋಬರ್ ಮೂವತ್ತೊಂದಕ್ಕೆ ನಿವೃತ್ತಿ. ಇಷ್ಟು ವರ್ಷದಲ್ಲಿ ಅವರ ಸರ್ವಿಸ್ ಬುಕ್ಕಿನಲ್ಲಿ ಕೆಂಪು ಶಾಯಿಯ ಒಂದು ಸಾಲು ಬಿದ್ದಿಲ್ಲ. ನೋಟಿಸ್ ಎಂಬ ಶಬ್ದ ಕೇಳಿದರೇ ಅವರ ಅಂಗೈ ಬೆವರುತ್ತಿತ್ತು. ಲಗ್ನದ ಕಾರ್ಡು ಕೊಡಲು ಬಂದವರ ಕೈಯಲ್ಲಿ ಉದ್ದ ಲಕೋಟೆ ಕಂಡರೂ ಹೌಹಾರುತ್ತಿದ್ದರು. ಕೊನೆಯ ತಿಂಗಳಲ್ಲಿ ಒಂದು ನೋಟಿಸ್ ಬಂದರೆ ಸಾಕು, ವಿಚಾರಣೆ ಮುಗಿಯುವ ತನಕ ಪೆನ್ಷನ್ ನಿಲ್ಲುತ್ತದೆ, ನಮ್ಮಲ್ಲಿ ವಿಚಾರಣೆ ಮುಗಿದದ್ದನ್ನು ನೋಡಿದವರು ಕಡಿಮೆ. ಅವರ ಪೆನ್ಷನ್ ಕಾಗದಗಳೆಲ್ಲ ಸ್ಕ್ಯಾನ್ ಆಗಿ ಅವರ ಮೇಜಿನ ಕಂಪ್ಯೂಟರಿನಲ್ಲಿ ಕೂತಿದ್ದವು. ಎರಡು ಬೆರಳಿನಲ್ಲಿ ಕುಟ್ಟುತ್ತ ಮೂರು ತಿಂಗಳು ಕಷ್ಟಪಟ್ಟು ಜೋಡಿಸಿದ್ದರು, ನನ್ನ ಕೈಗೂ ಕೊಟ್ಟಿರಲಿಲ್ಲ. ತಿಂಗಳ ಕೊನೆಯೊಳಗೆ ಆ ಫೈಲು ಅದೇ ಕಂಪ್ಯೂಟರಿನಿಂದ ಮೇಲಿನ ಕಚೇರಿಗೆ ಹೋದರೆ ಅವರ ಜನ್ಮ ಪಾವನ.

ಇನ್ನು ಬಸ್ಸಿನ ವಿಷಯ. ಕಲಬುರಗಿಯಿಂದ ಕಮಲಾಪುರಕ್ಕೆ ನಾವು ದಿನಾ ಹೋಗುವ ಹುಮನಾಬಾದ್ ಬಸ್ಸಿನಲ್ಲಿ ದೇವೀಂದ್ರಪ್ಪನವರು ಪೇಪರ್ ಓದುವವರು. ಇದು ಯಾರೂ ಕೊಟ್ಟ ಹುದ್ದೆಯಲ್ಲ, ಆದರೆ ಸರ್ಕಾರ ಕೊಟ್ಟ ಹುದ್ದೆಗಿಂತ ಹೆಚ್ಚು ಶ್ರದ್ಧೆಯಿಂದ ಮಾಡುತ್ತಿದ್ದರು. ಮೊದಲು ಗಟ್ಟಿಯಾಗಿ ಓದುವುದು, ಆಮೇಲೆ ಎಲ್ಲರಿಗೂ ಅರ್ಥ ಬಿಡಿಸಿ ಹೇಳುವುದು. ಸುದ್ದಿ ಪೇಪರಿನವರದು, ಅರ್ಥ ಅವರದು.

ಅಕ್ಟೋಬರ್ ಎಂಟು, ಬುಧವಾರ. ಬಸ್ಸು ರಿಂಗ್ ರೋಡ್ ದಾಟಿದ ಮೇಲೆ ಅವರು ಕನ್ನಡಕ ಏರಿಸಿ ಓದಿದರು: "ವಿಂಡೋಸ್ ಹತ್ತಕ್ಕೆ ಹದಿನಾಲ್ಕರಂದು ಬೆಂಬಲ ಅಂತ್ಯ. ಹಳೆಯ ಕಂಪ್ಯೂಟರುಗಳಲ್ಲಿ ಹನ್ನೊಂದು ನಡೆಯದು. ಆ್ಯಪಲ್, ಲಿನಕ್ಸ್ ಕಡೆ ಹೊರಳಿದ ಕೆಲವರ ಚಿತ್ತ."

ಅಲ್ಲಿಗೇ ಪುಟ ತಿರುವಿದ್ದರೆ ಈ ಕಥೆಯೇ ಇಲ್ಲ. ಆದರೆ ಹಿಂದಿನ ಸೀಟಿನಲ್ಲಿ ಯಶವಂತ ಕೂತಿದ್ದ. ಅವನು ಕಮಲಾಪುರದ ಕೆಂಬಾಳೆ ಬೆಳೆಗಾರ. ನಸುಕಿನಲ್ಲೇ ಕಲಬುರಗಿ ಮಾರ್ಕೆಟ್ಟಿಗೆ ಗೊನೆ ಹಾಕಿ ವಾಪಸ್ ಹೊರಟಿದ್ದ.

"ಬೆಂಬಲ ಅಂತ್ಯ ಅಂದ್ರ ಏನ್ರೀ ಸಾಹೇಬ್ರ?"

ದೇವೀಂದ್ರಪ್ಪನವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಅವರು ಮೂಗಿನ ತುದಿ ಒರೆಸಿಕೊಳ್ಳುತ್ತಾರೆ. ಒರೆಸಿಕೊಂಡರು. ಅಷ್ಟರಲ್ಲಿ ಮುಂದಿನ ಸೀಟಿನಿಂದ ವಹಾಬ್ ಭಾಯಿ ತಿರುಗಿದರು. ಅವರ ಮನೆ ಕೋಟೆಯ ಹತ್ತಿರ, ಟೈಲರ್ ಅಂಗಡಿ ಕಮಲಾಪುರದಲ್ಲಿ. ಇಪ್ಪತ್ತು ವರ್ಷದಿಂದ ದೇವೀಂದ್ರಪ್ಪನವರು ಹೇಳಿದ ಅರ್ಥದಲ್ಲಿ ಹೊಲಿಗೆ ಬಿಚ್ಚುವುದೇ ಅವರಿಗೆ ಬಸ್ಸಿನಲ್ಲಿ ಕೆಲಸ.

"ಬೋಲೋ ಸಾಬ್. ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ರಿ. ಅದ್ರಾಗ ಶರಮ್ ಏನದ?"

ಶರಮ್, ಎಂದರೆ ನಾಚಿಕೆ, ಎಂಬ ಮಾತು ಬೆಂಕಿಗೆ ತುಪ್ಪ ಸುರಿಯಿತು.

"ಗೊತ್ತಿಲ್ದೇನು? ಸರ್ಕಾರಕ್ಕ ಕೊಟ್ಟ ಬೆಂಬಲ ವಾಪಸ್ ತಗೊಂಡ್ರ ಏನಾಗ್ತದ?"

"ಸರ್ಕಾರ ಬೀಳ್ತದ," ಎಂದ ಯಶವಂತ.

"ಇದೂ ಹಂಗೇ. ಹದಿನಾಲ್ಕಕ್ಕ ಬಂದ್."

"ಕಂಪ್ಯೂಟರ್ ಬಂದ್?"

"ಬಂದ್."

"ಎಲ್ಲಾ?"

"ಹತ್ತನೇ ನಂಬರಿಂದು ಎಲ್ಲಾ. ನಮ್ಮ ಆಫೀಸಿನ್ವು ಮೂರೂ ಹತ್ತನೇ ನಂಬರೇ."

ಯಶವಂತ ಸೀಟಿನ ಅಂಚಿಗೆ ಬಂದ. "ಮತ್ತ ಒಳಗ ನಮ್ಮ ಹೆಸರು ಅವಲ್ರೀ?"

ದೇವೀಂದ್ರಪ್ಪನವರು ಪೇಪರ್ ನಿಧಾನವಾಗಿ ಮಡಿಚಿದರು. "ಒಳಗಿಂದು ಒಳಗೇ," ಎಂದರು.

ಮಹಾಗಾಂವ ಕ್ರಾಸ್ ಬರುವ ಹೊತ್ತಿಗೆ ಬಸ್ಸಿನಲ್ಲಿ ಎಲ್ಲರೂ ಒಟ್ಟಿಗೇ ಫೋನ್ ತೆಗೆದರು.

ಸಂಜೆ ಸೇಡಂ ರಸ್ತೆಯ ಮನೆ ಮುಟ್ಟುವ ಹೊತ್ತಿಗೆ ದೇವೀಂದ್ರಪ್ಪನವರಿಗೆ ತಾವು ಹೇಳಿದ ಮಾತಿನ ಮೇಲೆ ತಮಗೇ ನಂಬಿಕೆ ಹುಟ್ಟಿತ್ತು. ಪೆನ್ಷನ್ ಫೈಲೂ ಅದೇ ಕಂಪ್ಯೂಟರಿನಲ್ಲಿದೆ ಎಂಬುದು ನೆನಪಾಗಿ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಇಟ್ಟರು. ವಿಷಯ ಕೇಳಿದ ಅವರ ಹೆಂಡತಿ ಅಂಬಮ್ಮ ವೈನಿ ಅಡುಗೆಮನೆಯಿಂದಲೇ ತೀರ್ಪು ಕೊಟ್ಟರಂತೆ:

"ನಮ್ಮ ಮಿಕ್ಸರಿಂದು ಗ್ಯಾರಂಟಿ ಮುಗದು ಹನ್ನೆರಡು ವರ್ಷ ಆತು. ಇವತ್ತ ಮುಂಜಾನಿ ಶೇಂಗಾ ಹಿಂಡಿ ಮಾಡಿಲ್ಲೇನು ಅದ್ರಾಗ? ಸುಮ್ಮ ಉಣ್ರಿ."

ಇಡೀ ಪ್ರಕರಣದಲ್ಲಿ ಮೊದಲು ಬಂದ ಸರಿಯಾದ ಮಾತೆಂದರೆ ಇದೇ. ಅಡುಗೆಮನೆಯಿಂದ ಬಂದದ್ದರಿಂದ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. "ನಿನಗೇನ್ ಗೊತ್ತು ಟೆಕ್ನಿಕಲ್ಲು?" ಎಂದು ದೇವೀಂದ್ರಪ್ಪನವರು ಕೈ ತೊಳೆದರು.

ಮರುದಿನ ನಾವು ಬಸ್ಸಿಳಿದು ನೋಡಿದರೆ ಕಚೇರಿಯ ಮುಂದೆ ಎಂಬತ್ತು ಜನ. ಎಲ್ಲರೂ ಬೆಳೆಗಾರರೇ. ಒಬ್ಬ ಹೊಲದ ಕಾಗದ ತಂದಿದ್ದ, ಇನ್ನೊಬ್ಬ ಅಪ್ಪನ ಫೋಟೋ ತಂದಿದ್ದ, ಮತ್ತೊಬ್ಬ ಸಾಕ್ಷಿಗಿರಲಿ ಎಂದು ಇಡೀ ಗೊನೆಯನ್ನೇ ಹೆಗಲ ಮೇಲೆ ಹೊತ್ತು ತಂದಿದ್ದ. ಎಲ್ಲರ ಬೇಡಿಕೆಯೂ ಒಂದೇ. ಹೆಸರು ಹೋಗುವುದರೊಳಗೆ ನೋಂದಣಿ ಕಾಗದ ಪ್ರಿಂಟ್ ತೆಗೆದು ಕೈಗೆ ಕೊಡಬೇಕು.

ನಮ್ಮ ಅಧಿಕಾರಿ ಜೀನತ್ ಮೇಡಂ. ಬಂದು ಎರಡು ತಿಂಗಳಾಗಿತ್ತು. ಕಾರಿನಿಂದಿಳಿದು ಜನ ನೋಡಿ ಮೊದಲು ಧರಣಿ ಎಂದುಕೊಂಡರು, ಆಮೇಲೆ ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡರು. ವಿಷಯ ತಿಳಿದ ಮೇಲೆ ಅವರ ದನಿ ಏರಿತು.

"ಯಾರ್ರೀ ಹಬ್ಬಿಸ್ಯಾರ ಈ ಸುದ್ದಿ? ವದಂತಿ ಹಬ್ಬಿಸಿದೋರು ಯಾರೇ ಇರ್ಲಿ, ಇವತ್ತೇ ನೋಟಿಸ್ ಕೊಡ್ತೀನಿ!"

ದೇವೀಂದ್ರಪ್ಪನವರು ನನ್ನ ಹಿಂದೆ ಸರಿದು ನಿಂತರು. ನಾನು ಅಷ್ಟು ಅಗಲದ ಮನುಷ್ಯನಲ್ಲ. ಯಶವಂತ ಎದೆ ಸೆಟೆಸಿ ಮುಂದೆ ಬಂದ. ಅವನ ಮನಸ್ಸಿನಲ್ಲಿ ಇದ್ದದ್ದು ಉಪಕಾರ.

"ವದಂತಿ ಹ್ಯಾಂಗ ಆಗ್ತದ್ರೀ ಮೇಡಂ? ನಿಮ್ಮ ದೇವೀಂದ್ರಪ್ಪ ಸಾಹೇಬ್ರೇ ಸ್ವತಃ ಹೇಳ್ಯಾರ. ಬಸ್ಸಿನಾಗ ನಲವತ್ತು ಮಂದಿ ಸಾಕ್ಷಿ ಇದ್ದೀವಿ. ಬೇಕಂದ್ರ ಬರ್ದು ಕೊಡ್ತೀವಿ!"

ಮೇಡಂ ಚೇಂಬರಿನ ಬಾಗಿಲು ಮುಚ್ಚಿತು. ಒಳಗೆ ದೇವೀಂದ್ರಪ್ಪನವರು ನಿಂತಿದ್ದರು. ಅವರಿಗೆ ಆಸರೆಯಾಗಿ ಒಂದು ಫೈಲು ಹಿಡಿದು ನಾನೂ ನಿಂತಿದ್ದೆ. ಸರ್ವಿಸ್ ಬುಕ್ಕುಗಳ ಅಲಮಾರು ಮೇಡಂ ಅವರ ಬೆನ್ನ ಹಿಂದೆಯೇ ಇತ್ತು.

"ಪೇಪರಿನಾಗ ಬಂದದ್ರೀ ಮೇಡಂ," ಎಂದು ಅವರು ಮಡಿಚಿದ ಪೇಪರನ್ನು ಎರಡೂ ಕೈಯಲ್ಲಿ ಒಪ್ಪಿಸಿದರು.

ಮೇಡಂ ಓದಿದರು. ಇನ್ನೊಮ್ಮೆ ಓದಿದರು. ಮೂಗಿನ ತುದಿ ಒರೆಸಿಕೊಂಡರು. ನನಗೆ ಅಲ್ಲೇ ಅರ್ಥವಾಯಿತು.

"ಹೂಂ," ಎಂದರು. "ಅಂತ್ಯ ಅಂತ ಸ್ಪಷ್ಟ ಅದ. ನನಗ ಮೊದಲಿಂದ ಅನುಮಾನ ಇತ್ತು."

ಕೂಡಲೇ ಮೇಲಿನ ಕಚೇರಿಗೆ ಫೋನ್ ಹಚ್ಚಿದರು. ಆ ಕಡೆಯ ಸಾಹೇಬರು ಒಮ್ಮೆ ಕೆಮ್ಮಿ, "ಅದು ನಮ್ಮ ಗಮನದಾಗ ಅದ. ಲಿಖಿತದಾಗ ವರದಿ ಕಳಸ್ರಿ," ಎಂದರು. ಅಲ್ಲಿಗೆ ಗೊತ್ತಿಲ್ಲದವರು ಮೂವರಾದರು. ಗೊತ್ತಿಲ್ಲ ಎಂದವರು ಮಾತ್ರ ಯಾರೂ ಇರಲಿಲ್ಲ.

"ವರದಿ ನೀವೇ ಬರೀರಿ ದೇವೀಂದ್ರಪ್ಪನೋರೆ," ಎಂದರು ಮೇಡಂ. "ಟೆಕ್ನಿಕಲ್ ನಿಮಗ ಗೊತ್ತದ. ಆದ್ರ ನೋಡ್ರಿ, ಸುದ್ದಿ ಸುಳ್ಳಂತ ಆತು ಅಂದ್ರ, ಎಂಬತ್ತು ಮಂದಿನ ಹೆದರಿಸಿದ್ದಕ್ಕ ನಾನು ನೋಟಿಸ್ ಕೊಡ್ಲೇಬೇಕಾಗ್ತದ."

ಹೊರಗೆ ಬಂದು ದೇವೀಂದ್ರಪ್ಪನವರು ಒಂದು ತಂಬಿಗೆ ನೀರು ಕುಡಿದರು. ಅಂದು ಪೂರ್ತಿ ಮೂರೂ ಕಂಪ್ಯೂಟರು ಬೆಳೆಗಾರರ ಕಾಗದ ಪ್ರಿಂಟ್ ಮಾಡಿದವು. ಅವರ ಪೆನ್ಷನ್ ಫೈಲು ತೆರೆಯಲೂ ಆಗಲಿಲ್ಲ. ಅವರು ಮೌಸ್ ಮುಟ್ಟಿದ ಕೂಡಲೇ ಹದಿನೈದು ಜನ, "ಸಾಹೇಬ್ರ, ಮೊದಲು ನಂದು," ಎನ್ನುತ್ತಿದ್ದರು.

ಸಂಜೆ ವಾಪಸ್ ಬರುವಾಗ ವಹಾಬ್ ಭಾಯಿ ಕನಿಕರಿಸಿದರು. ಏನೇ ಆದರೂ ಇಪ್ಪತ್ತು ವರ್ಷದ ಸಹಪ್ರಯಾಣ. "ಕೈಕು ಟೆನ್ಷನ್ ಲೇತೆ ಸಾಬ್? ನಮ್ಮ ಅಕ್ಕನ ಮಗ ಫೈಜಾನ್ ಇದ್ದಾನ. ಸೇಡಂ ರೋಡಿನಾಗ ಕಂಪ್ಯೂಟರ್ ರಿಪೇರಿ ಅಂಗಡಿ. ಅವನಿಗಿ ಕೇಳಮು, ಬರ್ರಿ."

ಫೈಜಾನ್ ಮೂವತ್ತೈದರ ಗಂಭೀರ ಮನುಷ್ಯ. ಬಿಚ್ಚಿಟ್ಟ ಲ್ಯಾಪ್‌ಟಾಪುಗಳ ನಡುವೆ ಡಾಕ್ಟರನ ಹಾಗೆ ಕೂತಿದ್ದ. ಎಲ್ಲ ಕೇಳಿ ನಕ್ಕ.

"ಅಂಕಲ್, ಏನೂ ಬಂದ್ ಆಗಲ್ಲ. ಕಂಪನಿಯೋರು ಫುಕಟ್ ರಿಪೇರಿ ಕಳಸೋದು ನಿಲ್ಲಸ್ತಾರ, ಅಷ್ಟೇ. ನಿಮ್ಮ ಕಂಪ್ಯೂಟರ್ ಹದಿನೈದಕ್ಕೂ ಚಾಲೂ ಆಗ್ತದ, ಮುಂದಿನ ವರ್ಷನೂ ಚಾಲೂ ಆಗ್ತದ."

ಬೇರೆ ಯಾರಾದರೂ ಆಗಿದ್ದರೆ ಫೈಜಾನನಿಗೆ ಚಹಾ ಕುಡಿಸುತ್ತಿದ್ದರು. ದೇವೀಂದ್ರಪ್ಪನವರು ಪಕ್ಕದ ರಟ್ಟಿನ ಡಬ್ಬಿಯ ಮೇಲೆ ಕುಸಿದರು.

"ಖರೇ ಹೇಳಾಕತ್ತೀ ಏನಪಾ?"

"ಖರೇ ಅಂಕಲ್."

"ಒಂದು ದಿನನೂ ಬಂದ್ ಆಗಲ್ಲ?"

"ಇಲ್ಲ."

"ಒಂದು ತಾಸು?"

"ಒಂದು ಮಿನಿಟೂ ಇಲ್ಲ."

ದೇವೀಂದ್ರಪ್ಪನವರು ಅತ್ತ ಇತ್ತ ನೋಡಿ ದನಿ ತಗ್ಗಿಸಿದರು. "ಬಂದ್ ಆಗೋ ಹಂಗ ಏನರ ಮಾಡ್ಲಿಕ್ಕಿ ಬರ್ತದೇನು?"

ಫೈಜಾನ್ ಸ್ಕ್ರೂಡ್ರೈವರ್ ಕೆಳಗಿಟ್ಟ. ಮಾಮಾನ ಮುಖ ನೋಡಿದ. ಅವನ ಅಂಗಡಿಗೆ ಇಂಥ ಗಿರಾಕಿ ಬಂದಿರಲಿಲ್ಲ. ನಾನು ವಿವರಿಸಿದೆ. ಸುದ್ದಿ ಸುಳ್ಳಾದರೆ ನೋಟಿಸ್, ನೋಟಿಸ್ ಬಂದರೆ ಪೆನ್ಷನ್ ಇಲ್ಲ, ಆದ್ದರಿಂದ ಸುದ್ದಿ ನಿಜವಾಗಬೇಕು. ಫೈಜಾನ್ ಸ್ವಲ್ಪ ಯೋಚಿಸಿ, "ಖತರಾ ಅಂತೂ ಅದ ಅಂಕಲ್," ಎಂದ. "ರಿಪೇರಿ ಬರಲಾರದ ಕಂಪ್ಯೂಟರಿಗೆ ಇಂಟರ್ನೆಟ್ ಹಚ್ಚಿದ್ರ ವೈರಸ್ ಬರೋ ಚಾನ್ಸ್ ಜಾಸ್ತಿ."

"ಖತರಾ!" ದೇವೀಂದ್ರಪ್ಪನವರು ಎದ್ದು ನಿಂತರು. ಅವರ ಮುಖಕ್ಕೆ ಕಳೆ ಬಂತು. "ಖತರಾ ಅಂದ್ನಲ್ಲ ಈಗ? ಬರ್ಕೋರಿ, ಬರ್ಕೋರಿ!"

ನಾನು ಬಸ್ ಟಿಕೆಟಿನ ಹಿಂದೆ ಬರೆದುಕೊಂಡೆ. ಇನ್ನು ಹತ್ತನ್ನು ತೆಗೆದು ಯಾವುದು ಹಾಕಬೇಕು ಎಂಬ ಮಾತು ಬಂತು. ದೇವೀಂದ್ರಪ್ಪನವರಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ.

"ಹತ್ತು ಆದ ಮ್ಯಾಲ ಹನ್ನೊಂದೇ ಬರಬೇಕು. ಸೀನಿಯಾರಿಟಿ ಅಂತ ಒಂದು ಅದಲ್ಲ."

"ನಿಮ್ಮ ಹಳೇ ಮಷಿನ್ ಹನ್ನೊಂದಕ್ಕ ಪಾಸ್ ಆಗಲ್ಲ ಅಂಕಲ್. ಒಳಗ ಒಂದು ಚಿಪ್ ಬೇಕು, ಅದು ಇಲ್ಲ."

"ಅಂದ್ರ ಇಲಾಖಾ ಪರೀಕ್ಷಾ ಪಾಸ್ ಆಗಿಲ್ಲ," ಎಂದು ದೇವೀಂದ್ರಪ್ಪನವರು ಮರುಗಿದರು. ಆ ನೋವು ಅವರಿಗೆ ಗೊತ್ತು. ಸ್ವತಃ ನಾಲ್ಕು ಸಲ ಕೂತವರು.

"ಲಿನಕ್ಸ್ ಹಾಕ್ರಿ," ಎಂದ ಫೈಜಾನ್ ಕಣ್ಣರಳಿಸಿ. ಅವನು ಲಿನಕ್ಸಿನ ಭಕ್ತ. "ಫುಕಟ್ ಅದ. ಹಳೇ ಡಬ್ಬಿಯಾಗೂ ಕುದುರಿ ಓಡ್ದಂಗ ಓಡ್ತದ."

"ಫುಕಟ್ ಬಟ್ಟಿದು ಯಾರರ ಸೂಟ್ ಹೊಲಸ್ತಾರೇನು?" ವಹಾಬ್ ಭಾಯಿ ಕೆರಳಿದರು. "ಲೇನಾ ಹೈ ತೋ ಆ್ಯಪಲ್ ಲೇನಾ. ಫಿಟ್ಟಿಂಗ್ ನೋಡು ಅದರದು!"

"ಮಾಮಾ, ಅದನ್ನ ನಾನು ಬಿಚ್ಚಿ ರಿಪೇರಿ ಮಾಡಬೇಕಂದ್ರ ದಮ್ಮು ಹತ್ತತದ!"

"ಅಚ್ಛೇ ಕಪಡೇ ಕು ರಿಪೇರಿ ಯಾಕ ಬೇಕು?"

ಮಾಮಾ ಭಾಂಜಾ ಹೀಗೆ ಅರ್ಧ ಗಂಟೆ ಜಗಳಾಡಿದರು. ದೇವೀಂದ್ರಪ್ಪನವರು ಆ ಹೊತ್ತೆಲ್ಲ 'ಖತರಾ'ಕ್ಕೆ ಕಚೇರಿ ಭಾಷೆಯಲ್ಲಿ ಏನನ್ನಬೇಕೆಂದು ಗೊಣಗುತ್ತಿದ್ದರು.

ಶುಕ್ರವಾರ ಆ ಜಗಳ ಕಮಲಾಪುರಕ್ಕೂ ಬಂತು. ಬದಲಿ ಕಂಪ್ಯೂಟರ್ ಯಾವುದಿರಬೇಕೆಂದು ಬೆಳೆಗಾರರ ಅಭಿಪ್ರಾಯ ಪಡೆಯಿರಿ ಎಂದು ಮೇಡಂ ಹೇಳಿದ್ದರು. ಅಭಿಪ್ರಾಯ ಪಡೆದರೆ ಮುಂದೆ ತಪ್ಪಾದಾಗ ಹಂಚಿಕೊಳ್ಳಲು ಜನ ಇರುತ್ತಾರೆ. ದೇವೀಂದ್ರಪ್ಪನವರು ಮೆಟ್ಟಿಲ ಮೇಲೆ ನಿಂತು, ಹನ್ನೊಂದಕ್ಕೆ ಅರ್ಹತೆ ಇಲ್ಲದ್ದನ್ನು ವಿಷಾದದಿಂದ ತಿಳಿಸಿ, ಆ್ಯಪಲ್ ಎಂಬುದೊಂದಿದೆ ಎಂದರು.

"ಆ್ಯಪಲ್ ಅಂದ್ರ ಸೇಬುಹಣ್ಣ ಅಲ್ರೀ?" ಎಂದ ಯಶವಂತ.

"ಹೌದು. ಮ್ಯಾಲ ಹಣ್ಣಿನ ಗುರ್ತ ಇರ್ತದ."

ಅಂಗಳ ಗುಜುಗುಜು ಎಂದಿತು. ಯಶವಂತನ ಮುಖ ಕೆಂಬಾಳೆಯ ಬಣ್ಣಕ್ಕೆ ತಿರುಗಿತು.

"ನಮ್ಮ ಬಾಳಿಹಣ್ಣಿನ ದಾಖಲಾ ಸೇಬುಹಣ್ಣಿನ ಡಬ್ಬಿಯಾಗ? ಹ್ಯಾಂಗ ಸಾಧ್ಯ ಅದ್ರೀ ಸಾಹೇಬ್ರ? ಅಜ್ಜ ಮುತ್ಯಾನ ಕಾಲದಿಂದ ಕೆಂಪ ಬಾಳಿ ಬೆಳಸೀವಿ. ಅದನ್ನ ಒಯ್ದು ಸೇಬಿನೋರ ಉಡಿಯಾಗ ಹಾಕ್ತೀರೇನು?"

"ಬ್ಯಾಡ! ಬ್ಯಾಡ!" ಎಂದು ಎಂಬತ್ತು ಗಂಟಲು ಕೂಗಿದವು. ಜಗತ್ತಿನ ಅಷ್ಟು ದೊಡ್ಡ ಕಂಪನಿಯನ್ನು ಕಮಲಾಪುರ ಹೀಗೆ ಒಂದೂವರೆ ನಿಮಿಷದಲ್ಲಿ ತಿರಸ್ಕರಿಸಿತು.

"ಹಂಗಾದ್ರ ಲಿನಕ್ಸ್," ಎಂದರು ದೇವೀಂದ್ರಪ್ಪನವರು. "ಅದಕ್ಕ ಒಂದು ಹಕ್ಕಿ ಗುರ್ತ ಅದ. ಪೆಂಗ್ವಿನ್."

"ಹಕ್ಕಿ? ಅದು ಹಣ್ಣ ತಿಂತದೇನ್ರೀ?"

ದೇವೀಂದ್ರಪ್ಪನವರು ನನ್ನ ಕಡೆ ನೋಡಿದರು. "ಮೀನು ತಿಂತದ," ಎಂದೆ ನಾನು. ಪ್ರಕರಣದಲ್ಲಿ ನಾನು ಕೊಟ್ಟ ಏಕೈಕ ತಾಂತ್ರಿಕ ಮಾಹಿತಿ ಇದು.

"ಮೀನು ತಿಂತದಂದ್ರ ಛಲೋ ಆತು. ಅದನ್ನೇ ತರಸ್ರಿ." ಸರ್ವಾನುಮತ.

ಅಂದು ಮಧ್ಯಾಹ್ನ ವರದಿ ಬರೆದರು. ಅದರ ಮುಖ್ಯ ವಾಕ್ಯ ನನಗೆ ಬಾಯಿಪಾಠವಿದೆ: "ಸದರಿ ಗಣಕಯಂತ್ರಗಳನ್ನು ದಿನಾಂಕ ಹದಿನಾಲ್ಕರ ನಂತರ ಚಾಲನೆಗೊಳಿಸುವುದು ಅಪಾಯಕಾರಿಯಾಗಿದ್ದು, ಮುಂದೆ ಸಂಭವಿಸಬಹುದಾದ ಯಾವುದೇ ಅನಾಹುತಕ್ಕೆ ಈ ಕಚೇರಿ ಹೊಣೆಯಾಗಿರುವುದಿಲ್ಲ." ಕೆಳಗೆ 'ತಾಂತ್ರಿಕ ಅಭಿಪ್ರಾಯ ನೀಡಿದವರು' ಎಂದು ಬರೆದು ಸಹಿ ಹಾಕಿದರು. ಯಂತ್ರ ನಿಲ್ಲುತ್ತದೆ ಎಂದು ಎಲ್ಲೂ ಹೇಳಿಲ್ಲ, ನಿಲ್ಲುವುದಿಲ್ಲ ಎಂದೂ ಹೇಳಿಲ್ಲ. ಮೂವತ್ತನಾಲ್ಕು ವರ್ಷದ ಅನುಭವವೆಲ್ಲ ಆ ಒಂದು ವಾಕ್ಯದಲ್ಲಿತ್ತು. ಮೇಡಂ ಓದಿ, "ಎಷ್ಟು ಛಂದ ಬರ್ದೀರಿ," ಎಂದು ಮೇಲಕ್ಕೆ ಕಳಿಸಿದರು.

ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಆ ಎರಡು ದಿನ ಅವರು ಅನುಭವಿಸಿದ್ದನ್ನು ಶತ್ರುವಿಗೂ ಬಯಸಬಾರದು. ಎಂಟು ಸಲ ನನಗೆ ಫೋನ್ ಮಾಡಿ, "ಬಂದ್ ಆಗಲಿಲ್ಲಂದ್ರ?" ಎಂದು ಕೇಳಿದರು. ಒಂಬತ್ತನೇ ಸಲ, "ಖರೇನೇ ಬಂದ್ ಆದ್ರ ನನ್ನ ಫೈಲ್ ಗತಿ?" ಎಂದರು. ಅತ್ತ ದರಿ, ಇತ್ತ ಪುಲಿ. ಸೋಮವಾರ ಹೇಗಾದರೂ ಫೈಲು ಕಳಿಸಿಬಿಡಬೇಕೆಂದು ಬೇಗ ಹೋದರೆ, ಸುದ್ದಿ ಸುತ್ತಲ ಹಳ್ಳಿಗೂ ಹಬ್ಬಿ ಇನ್ನೂರು ಜನ ಬಾಗಿಲಲ್ಲಿ ಕಾಯುತ್ತಿದ್ದರು. ಸಂಜೆಯ ತನಕ ಅವರು ಕಂಪ್ಯೂಟರಿನ ಮುಂದೆಯೇ ಕೂತಿದ್ದರೂ ತಮ್ಮ ಫೈಲಿನ ಹತ್ತಿರ ಸುಳಿಯಲಾಗಲಿಲ್ಲ. ಅವರು ಎಬ್ಬಿಸಿದ ಜನವೇ ಅವರ ದಾರಿಗೆ ಅಡ್ಡ ನಿಂತಿತ್ತು. ನೋಡಿ ನನಗೆ ನಗು ಬಂತು, ಆಮೇಲೆ ನಿಜವಾಗಿ ಕೆಟ್ಟದೆನಿಸಿತು.

ಮಂಗಳವಾರ, ಹದಿನಾಲ್ಕು. ಆ ದಿನ ಯಾರೂ ಪ್ರಿಂಟ್ ಕೇಳಲಿಲ್ಲ. ಎಲ್ಲರಿಗೂ ಕಾಗದ ಸಿಕ್ಕಿತ್ತು. ಈಗ ಅವರು ಬಂದದ್ದು ನೋಡಲು. ಕಿಟಕಿ, ಬಾಗಿಲು, ಮೆಟ್ಟಿಲು ಎಲ್ಲ ಕಡೆ ಜನ. ಗ್ರಹಣ ನೋಡುವವರ ಹಾಗೆ ಕಂಪ್ಯೂಟರಿನ ಮೇಲೆ ಕಣ್ಣು ನೆಟ್ಟಿದ್ದರು. ದೇವೀಂದ್ರಪ್ಪನವರು ತಮ್ಮ ಫೈಲಿಗೆಂದು ಮೌಸ್ ಮುಟ್ಟಿದರೆ, "ಮುಟ್ಟಬ್ಯಾಡ್ರಿ ಸಾಹೇಬ್ರ, ತಾನಾಗೇ ಬಂದ್ ಆಗ್ಲಿ," ಎಂದು ಕೂಗುತ್ತಿದ್ದರು.

"ಎಷ್ಟು ಗಂಟೆಕ್ಕ ಬಂದ್ ಆಗ್ತದ್ರೀ ಸಾಹೇಬ್ರ?"

"ಕಚೇರಿ ವೇಳೆಯಾಗ," ಎಂದರು ದೇವೀಂದ್ರಪ್ಪನವರು. ದನಿ ಅವರದಾಗಿರಲಿಲ್ಲ.

ಮಧ್ಯಾಹ್ನವಾಯಿತು. ಮೂರಾಯಿತು. ಕಂಪ್ಯೂಟರು ತಣ್ಣಗೆ ಉರಿಯುತ್ತಿತ್ತು. ನಾಲ್ಕಕ್ಕೆ ವಹಾಬ್ ಭಾಯಿ ಅಂಗಡಿಗೆ ಬೀಗ ಹಾಕಿ, ಕೊರಳಲ್ಲಿ ಟೇಪು ಹಾಗೇ ಇಟ್ಟುಕೊಂಡು ಬಂದರು. "ಅಭೀ ತಕ್ ಚಾಲೂ ಅದಲ್ಲ ಸಾಬ್?" ಎಂದರು. ಜನ ನಕ್ಕರು. ನಾಲ್ಕೂವರೆಗೆ ಯಶವಂತನ ಮುಖದಲ್ಲಿ ಮೊದಲ ಸಲ ಅನುಮಾನ ಕಂಡಿತು. ಚೇಂಬರಿನ ಬಾಗಿಲಲ್ಲಿ ಮೇಡಂ ಎರಡು ಸಲ ಬಂದು ನಿಂತು ಹೋದರು. ಎರಡನೇ ಸಲ ಅವರ ಕೈಯಲ್ಲಿ ಬಿಳಿ ಹಾಳೆ ಇತ್ತು. ದೇವೀಂದ್ರಪ್ಪನವರು ಅದನ್ನು ನೋಡಿದರು. ಅವರ ಬಲಗಾಲಿನ ಚಪ್ಪಲಿ ಮೇಜಿನ ಕೆಳಗೆ ಮೆಲ್ಲಗೆ ಪ್ಲಗ್ಗಿನ ವೈರಿನ ಕಡೆ ಸರಿಯುತ್ತಿದ್ದುದು ನನಗೊಬ್ಬನಿಗೇ ಕಂಡಿತು. ಸರಿಯಿತು, ನಿಂತಿತು, ಹಿಂದೆ ಬಂತು. ಸರ್ಕಾರಿ ವೈರು ಕೀಳುವ ಧೈರ್ಯ ಆ ಚಪ್ಪಲಿಗೆ ಇರಲಿಲ್ಲ.

ಐದೂ ಹತ್ತಕ್ಕೆ ಕಂಪ್ಯೂಟರ್ ಟಿಣ್ ಎಂದಿತು. ಇನ್ನೂರು ಜನ ಉಸಿರು ಹಿಡಿದರು.

ಇ-ಮೇಲ್ ಬಂದಿತ್ತು. ಮೇಲಿನ ಕಚೇರಿಯಿಂದ. ಮೇಡಂ ಓಡಿ ಬಂದು ಗಟ್ಟಿಯಾಗಿ ಓದಿದರು: "ತಾಂತ್ರಿಕ ಅಭಿಪ್ರಾಯವನ್ನು ಪರಿಶೀಲಿಸಲಾಗಿ, ಹತ್ತನೇ ಆವೃತ್ತಿಯ ಎಲ್ಲ ಗಣಕಯಂತ್ರಗಳನ್ನು ಈ ಕೂಡಲೇ ಸ್ಥಗಿತಗೊಳಿಸಿ ಮೊಹರು ಮಾಡತಕ್ಕದ್ದು. ಸಕಾಲದಲ್ಲಿ ಎಚ್ಚರಿಸಿದ ಶ್ರೀ ದೇವೀಂದ್ರಪ್ಪ ಅವರ ಕಾರ್ಯವನ್ನು ಶ್ಲಾಘಿಸಿ ಸೇವಾ ಪುಸ್ತಕದಲ್ಲಿ ನಮೂದಿಸತಕ್ಕದ್ದು."

ಮೇಡಂ ಸ್ವತಃ ಬಟನ್ ಒತ್ತಿದರು. ಪರದೆ ಕಪ್ಪಾಯಿತು.

"ಬಂದ್ ಆತು!" ಯಶವಂತ ಕೂಗಿದ. "ಸಾಹೇಬ್ರು ಹೇಳಿದ್ದು ಹೇಳಿದಂಗ ಆತು!"

ಚಪ್ಪಾಳೆ, ಸಿಳ್ಳೆ. ಯಾರೋ ಹೂವಿನ ಹಾರ ಹಾಕಿದರು, ಯಾರೋ ಕೆಂಬಾಳೆಯ ಗೊನೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟರು. ವಹಾಬ್ ಭಾಯಿ ಇಪ್ಪತ್ತು ವರ್ಷದಲ್ಲಿ ಮೊದಲ ಸಲ, "ಮಾನ್ ಗಯೇ ಸಾಬ್," ಎಂದು ಸೋಲೊಪ್ಪಿ ಕೈ ಹಿಡಿದು ಕುಲುಕಿದರು. ಮೂರೂ ಕಂಪ್ಯೂಟರಿಗೆ ಬಿಳಿ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತುತ್ತಿದ್ದರು. ದೇವೀಂದ್ರಪ್ಪನವರು ಎದ್ದು ನಿಂತು ಜನಕ್ಕೆ ಕೈಮುಗಿಯಲು ಹೋದವರು ಅರ್ಧಕ್ಕೇ ನಿಂತರು. ಎರಡು ಅಂಗೈಗಳ ನಡುವೆ ಗೇಣು ಜಾಗ ಉಳಿದಿತ್ತು.

"ನನ್ನ ಫೈಲು," ಎಂದರು.

ಚಪ್ಪಾಳೆಯಲ್ಲಿ ಅದು ನನ್ನನ್ನು ಬಿಟ್ಟು ಯಾರಿಗೂ ಕೇಳಿಸಲಿಲ್ಲ.

ಮರುದಿನ ಅವರು ಮೇಡಂ ಮುಂದೆ ನಿಂತು ಎಲ್ಲ ಒಪ್ಪಿಕೊಂಡರು. ಬಸ್ಸು, ವಹಾಬ್ ಭಾಯಿ, ಫೈಜಾನ್, ಒಂದನ್ನೂ ಮುಚ್ಚಿಡಲಿಲ್ಲ. "ಕಂಪ್ಯೂಟರಿಗೆ ಏನೂ ಆಗಿಲ್ರೀ ಮೇಡಂ. ನನಗ ಏನೂ ಗೊತ್ತಿರಲಿಲ್ಲ. ಒಂದು ತಾಸು ತೆರೀರಿ, ನನ್ನ ಫೈಲ್ ಕಳಸ್ತೀನಿ, ಮತ್ತ ಮುಚ್ಚೋಣು." ಹೇಳುವಾಗ ಅವರ ಕಣ್ಣು ತುಂಬಿತ್ತು.

ಮೇಡಂ ಎದ್ದು ಬಾಗಿಲು ಮುಚ್ಚಿದರು. "ಮೆಲ್ಲಗ ಮಾತಾಡ್ರಿ! ಮೇಲಿನೋರು ನಮ್ಮ ಇಲಾಖಾದ ಹನ್ನೊಂದೂ ಆಫೀಸಿಗೆ ಇದೇ ಆರ್ಡರ್ ಮಾಡ್ಯಾರ. ಈಗ ನೀವು ಖರೇ ಹೇಳಿದ್ರ ಎಷ್ಟು ಮಂದಿ ಸುಳ್ಳ ಆಗ್ತಾರ ಗೊತ್ತದೇನು?"

"ಮತ್ತ ನನ್ನ ಪೆನ್ಷನ್?"

ಮೇಡಂ ಕೆಟ್ಟವರಲ್ಲ. ಆದೇಶವನ್ನು ಮತ್ತೆ ಓದಿ ಒಂದು ದಾರಿ ಹುಡುಕಿದರು. ಕೊನೆಯ ಸಾಲು: ತುರ್ತು ಕಾರಣವಿದ್ದಲ್ಲಿ, ತಾಂತ್ರಿಕ ಅಭಿಪ್ರಾಯ ನೀಡಿದವರ ಲಿಖಿತ ಒಪ್ಪಿಗೆ ಪಡೆದು ಮೊಹರು ತೆಗೆಯಬಹುದು.

"ಅದು ನಾನೇ ಅಲ್ರೀ ಮೇಡಂ?"

"ನೀವೇ. ಆದ್ರ ಅರ್ಜಿ ಬೇಕಲ್ರೀ. ಅರ್ಜಿ ಕೊಡ್ರಿ, ಅಪಾಯ ಇಲ್ಲಂತ ಒಪ್ಪಿಗಿ ಬರೀರಿ, ಈಗಿಂದೀಗ ತೆರಸ್ತೀನಿ."

ದೇವೀಂದ್ರಪ್ಪನವರು ಅರ್ಜಿದಾರರು ಕೂರುವ ಸ್ಟೂಲಿನ ಮೇಲೆ ಕೂತು ಕೈಯಲ್ಲೇ ಅರ್ಜಿ ಬರೆದರು. ಎರಡು ಪುಟ, ಕಲ್ಲೂ ಕರಗುವ ಹಾಗೆ. ಎದ್ದು ಮೇಜಿನ ಮೇಲಿಟ್ಟರು. ಸುತ್ತಿ ಬಂದು ತಮ್ಮ ಕುರ್ಚಿಯಲ್ಲಿ ಕೂತು, ಆ ಅರ್ಜಿಗೆ ಠಸ್ಸೆ ಒತ್ತಿ, ನಂಬರು ಹಾಕಿ, ಕನ್ನಡಕ ಒರೆಸಿಕೊಂಡು ಮೊದಲಿನಿಂದ ಓದಿದರು. ಓದುತ್ತ ಓದುತ್ತ ಅವರ ಹುಬ್ಬು ಗಂಟಿಕ್ಕಿತು.

"ಬರೀರಿ ಒಪ್ಪಿಗಿ," ಎಂದೆ ನಾನು. "ಬ್ಯಾಡ ಅನ್ನೋರು ಯಾರದಾರ?"

ಪೆನ್ನು ಕಾಗದದ ಮೇಲೆ ಬಂದು ನಿಂತಿತು. ಅಂಗೈ ಬೆವರಿತ್ತು. "ಮೊನ್ನೆ ಅಪಾಯ ಅದ ಅಂತ ಬರ್ದೀನಿ. ಇವತ್ತ ಇಲ್ಲಂತ ಬರ್ದ್ರ, ನಾಳಿ ಯಾರರ ಎರಡೂ ಕಾಗದ ಒಂದೇ ಕಡೆ ಇಟ್ಟು ನೋಡಿದ್ರ? ಹದಿನಾರು ದಿನ ಉಳದದ ನನ್ನ ಸರ್ವಿಸು. ಈ ಮನುಷ್ಯಾನ ಸಲುವಾಗಿ ನಾ ಯಾಕ ರಿಸ್ಕ್ ತಗೋಳಿ?"

"ಯಾವ ಮನುಷ್ಯಾ ಸಾಹೇಬ್ರ?"

ಅವರು ಅರ್ಜಿಯ ಕೆಳಗಿದ್ದ ತಮ್ಮದೇ ಸಹಿಯನ್ನು ಬೆರಳಿಟ್ಟು ತೋರಿಸಿದರು. ಪೆನ್ನಿನ ಕ್ಯಾಪು ಹಾಕಿದರು. ಅರ್ಜಿಯನ್ನು ಮಡಿಚಿ ಬಾಕಿ ಫೈಲುಗಳ ಅಡಿಯಲ್ಲಿ ಸರಿಸಿ, ಎದುರಿನ ಖಾಲಿ ಸ್ಟೂಲಿನ ಕಡೆ ಮುಖ ಎತ್ತದೆ ಹೇಳಿದರು:

"ನಾಳಿ ಬರ್ರಿ."